ಕ್ಷಮೆಯೆಂಬ ಸುಲಭದ ಉಪದೇಶ

ಕ್ರೈಸ್ತ ಜೀವನದ ಹಿರಿಮೆಯನ್ನು ಕೊಂಡಾಡುವ ಮಹನೀಯರು ಕ್ಷಮೆಯ ಮಾತನ್ನು ಎತ್ತದೆ ಬಿಡುವುದಿಲ್ಲ. ಆ ಗುಣದಲ್ಲಿ ನನಗೂ ಗೌರವವುಂಟು. ಆದರೆ ಅದನ್ನು ಯಾರಿಗೆ ಬೋಧಿಸುತ್ತಾರೆಂಬುದನ್ನು ನೋಡಿದರೆ ಮನಸ್ಸು ಕಹಿಯಾಗುತ್ತದೆ. ಹೊಡೆದವನನ್ನು ಒಂದು ಮಾತು ಗದರದವರು ಪೆಟ್ಟು ತಿಂದವನ ಬಳಿಗೆ ಧಾವಿಸಿ, ‘ಕ್ಷಮಿಸಿಬಿಡಪ್ಪ’ ಎನ್ನುತ್ತಾರೆ.

ಇಂಥವರು ಮುಂದಿಡುವ ನಿದರ್ಶನ ಗ್ಲ್ಯಾಡಿಸ್ ಸ್ಟೇನ್ಸ್. 1999ರ ಜನವರಿಯ ಒಂದು ರಾತ್ರಿ ಒಡಿಶಾದ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಆಕೆಯ ಪತಿ ಗ್ರಹಾಂ ಅವರನ್ನೂ, 10 ವರ್ಷದ ಫಿಲಿಪ್ ಮತ್ತು 6 ವರ್ಷದ ತಿಮೊಥಿಯನ್ನೂ ಗುಂಪೊಂದು ಜೀವಂತ ಸುಟ್ಟಿತು. ಗ್ರಹಾಂ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಗೆ ಬಾಳನ್ನು ಮುಡಿಪಿಟ್ಟವರು. ಕೊಂದವರನ್ನು ಕ್ಷಮಿಸಿದ್ದೇನೆಂದು ಗ್ಲ್ಯಾಡಿಸ್ ಹೇಳಿದರು. ಮಗಳೊಡನೆ ಅಲ್ಲಿಯೇ ನಿಂತು ಐದು ವರ್ಷ ಅದೇ ರೋಗಿಗಳ ಆರೈಕೆ ಮಾಡಿದರು. ಆ ಕ್ಷಮೆಯ ಪ್ರಾಮಾಣಿಕತೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ, ‘ಆಕೆಯೇ ಕ್ಷಮಿಸಿದ ಮೇಲೆ ಶಿಕ್ಷೆಯ ಮಾತೇಕೆ?’ ಎಂಬ ಪ್ರಶ್ನೆ ಎಲ್ಲಿಯ ನ್ಯಾಯ? ಕ್ಷಮೆ ಬೇರೆ, ಅಪರಾಧದ ಫಲ ಬೇರೆ ಎಂದು ಆಕೆಯೇ ಸ್ಪಷ್ಟವಾಗಿ ಹೇಳಿದ್ದುಂಟು. ನ್ಯಾಯಾಲಯವೂ ಹಾಗೆಯೇ ನಡೆಯಿತು. 2003ರಲ್ಲಿ ಮುಖ್ಯ ಅಪರಾಧಿಗೆ ವಿಧಿಸಿದ ಮರಣದಂಡನೆಯನ್ನು 2005ರಲ್ಲಿ ಹೈಕೋರ್ಟು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ತಾಯಿ ತನ್ನ ನೋವನ್ನು ಕ್ಷಮಿಸಬಹುದು. ಸುಟ್ಟುಹೋದ ಇಬ್ಬರು ಬಾಲಕರ ಪರವಾಗಿ ಕ್ಷಮಿಸಲು ಯಾವ ಮನುಷ್ಯನಿಗೆ ಅಧಿಕಾರವಿದೆ?

ಶಾಸ್ತ್ರವನ್ನಾದರೂ ಪೂರ್ತಿ ಓದಬೇಡವೆ? ಲೆಕ್ಕವಿಡದೆ ಕ್ಷಮಿಸಬೇಕೆಂದು ಯೇಸು ಪೇತ್ರನಿಗೆ ಹೇಳಿದ್ದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ, ಅದಕ್ಕೂ ಮೊದಲು, ತಪ್ಪು ಮಾಡಿದವನ ಬಳಿಗೆ ಹೋಗಿ ತಪ್ಪನ್ನು ತೋರಿಸಬೇಕೆಂದೂ, ಕೇಳದಿದ್ದರೆ ಸಾಕ್ಷಿಗಳೊಡನೆ ಹೋಗಬೇಕೆಂದೂ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕೆಂದೂ ವಿಧಿಯಿದೆ. ಲೂಕನ 17ನೆಯ ಅಧ್ಯಾಯವಂತೂ ಕ್ಷಮೆಯ ಜೊತೆಗೆ ಗದರಿಕೆಯನ್ನೂ ಪಶ್ಚಾತ್ತಾಪವನ್ನೂ ಹೇಳುತ್ತದೆ. ಸುಂಕದ ಜಕ್ಕಾಯ ಬಾಯಿಮಾತಿನಲ್ಲಿ ನಿಲ್ಲಲಿಲ್ಲ. ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂತಿರುಗಿಸಲು ಒಪ್ಪಿದ.

ಹೀಗೆ ಷರತ್ತು ಹಾಕಿದರೆ ಕ್ಷಮೆ ವ್ಯಾಪಾರವಾಗದೆ ಎಂದು ಕೇಳುವವರಿದ್ದಾರೆ. ಗ್ಲ್ಯಾಡಿಸ್ ಯಾರ ಪಶ್ಚಾತ್ತಾಪಕ್ಕೂ ಕಾಯಲಿಲ್ಲ, ನಿಜ. ಅದು ಆಕೆ ತಾನಾಗಿ ಕೊಟ್ಟದ್ದು. ಅದನ್ನೇ ಅಳತೆಗೋಲು ಮಾಡಿ, ಗಂಡನ ಏಟಿಗೆ ನಲುಗಿದ ಹೆಣ್ಣಿಗೆ ‘ಕ್ಷಮಿಸಿ ಮನೆಗೆ ಹೋಗಮ್ಮ’ ಎನ್ನುವುದು ಧರ್ಮವಲ್ಲ, ಜುಲುಮೆ. ಕ್ಷಮೆಯ ಉಪದೇಶಕ್ಕೆ ಹೊರಟವರು ಮೊದಲು ಆ ಗಂಡನನ್ನು ಕಂಡು ಮಾತನಾಡಲಿ.