ಶಾಲು-ಹಾರಕ್ಕೆ ದುಡ್ಡಿದೆ, ಲೈನ್ ಮನೆ ಮಕ್ಕಳಿಗೆ?

ರಿಸಲ್ಟ್ ಬಂತೆಂದರೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರದಲ್ಲಿ ಪ್ರತಿಭಾ ಪುರಸ್ಕಾರದ ಸುಗ್ಗಿ. ಒಂದೊಂದು ಜಾತಿ ಸಂಘಕ್ಕೆ ಒಂದೊಂದು ಸಭೆ. ಶಾಲು, ಹಾರ, ನಗದು. ಬೇಡ ಅನ್ನುವುದಿಲ್ಲ ನಾವು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಿಂದ ಹಿಡಿದು, ಸಮುದಾಯಗಳೇ ಕಟ್ಟಿದ ಹಾಸ್ಟೆಲ್‌ಗಳಲ್ಲಿ ಉಂಡು ಓದಿ ಮೇಲೆ ಬಂದವರು ಎಷ್ಟೋ ಮಂದಿ.

ಆದರೆ ಇವತ್ತು ನಮ್ಮ ತೋಟಗಳಲ್ಲಿ ಕಾಫಿ ಕೊಯ್ಯುವ, ಅಡಿಕೆ ಸುಲಿಯುವ ಕೈಗಳು ಯಾರವು? ಅಸ್ಸಾಂ, ಜಾರ್ಖಂಡ್, ಉತ್ತರ ಕರ್ನಾಟಕದವರದೂ ಹೌದಲ್ಲ? ಅವರ ಮಕ್ಕಳು ಶಾಲೆ ಹೊತ್ತಿನಲ್ಲಿ ತಮ್ಮ-ತಂಗಿಯರನ್ನು ಎತ್ತಿಕೊಂಡು ಲೈನ್ ಮನೆ ಅಂಗಳದಲ್ಲಿ ನಿಂತಿರುತ್ತಾರೆ. ಇತ್ತ ಮಕ್ಕಳಿಲ್ಲ ಅಂತ ನಮ್ಮ ಹಳ್ಳಿ ಶಾಲೆಗಳಿಗೆ ಬೀಗ!

'ನಾಳೆ ಹೋಗುವವರಿಗೆ ಯಾಕೆ?' ಅನ್ನುತ್ತೀರಿ. ನಮ್ಮ ಮಕ್ಕಳೂ ಬೆಂಗಳೂರು, ಅಮೆರಿಕ ಸೇರಿದವರೇ. ಅಲ್ಲಿಯವರೂ ಹೀಗೇ ಅಂದಿದ್ದರೆ?

ದಾಖಲೆಯ ನೆಪವೂ ಬೇಡ. ವಯಸ್ಸಿನ ಪುರಾವೆ ಇಲ್ಲ, ಟಿಸಿ ಬಂದಿಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಪುಸ್ತಕ, ಬಿಸಿಯೂಟ ಸರ್ಕಾರದ್ದು. ಉಳಿದದ್ದು ತೋಟದಿಂದ ಶಾಲೆಗೆ ಜೀಪು, ಮಳೆಗಾಲಕ್ಕೆ ಕೊಡೆ, ಸಂಜೆ ಕನ್ನಡ ಹೇಳಿಕೊಡುವವರಿಗೆ ಸಂಬಳ.

ಇಷ್ಟಕ್ಕೆ ಎಲ್ಲ ಸಂಘಗಳೂ ಸೇರಿ ಒಂದು ನಿಧಿ ಮಾಡಲಿ. ತೋಟದವರು ಕ್ವಿಂಟಾಲ್ ಅಡಿಕೆಗೆ ನೂರು ರೂಪಾಯಿ ಹಾಕಲಿ. ಲೆಕ್ಕ ಶಾಲೆ ಗೋಡೆ ಮೇಲಿರಲಿ, ಸಮಿತಿಯಲ್ಲಿ ಆ ಮಕ್ಕಳ ಅಪ್ಪ-ಅಮ್ಮಂದಿರೂ ಕೂರಲಿ.

ಇದನ್ನು ದಾನ ಅನ್ನಬೇಡಿ. ನಮ್ಮ ಫಸಲಿನಲ್ಲಿ ಅವರ ಬೆವರಿದೆ.