ಕರೆಂಟ್ ಹೋದರೆ ಫೈಬರ್ ಫೋನ್ ಏಕೆ ನಿಲ್ಲುತ್ತದೆ?

‘ಲ್ಯಾಂಡ್‌ಲೈನ್ ಇದ್ದರೆ ಕರೆಂಟ್ ಇಲ್ಲದಿದ್ದರೂ ಮಾತಾಡಬಹುದು’ ಎಂಬ ಮಾತು ತಾಮ್ರದ ತಂತಿಗೆ ಮಾತ್ರ ನಿಜ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ಶೃಂಗೇರಿ, ಕೊಪ್ಪ ಕಡೆಯ ಒಂಟಿ ಮನೆಗಳವರು ಫೈಬರ್‌ಗೆ ಬದಲಾಗುವ ಮುನ್ನ ಇದನ್ನು ತಿಳಿದಿರಬೇಕು.

ಕಾರಣವೇನು?
ಹಳೆಯ ಫೋನಿಗೆ ಬೇಕಾದ ಸುಮಾರು 48 ವೋಲ್ಟ್ ವಿದ್ಯುತ್ ಎಕ್ಸ್‌ಚೇಂಜ್‌ನಿಂದಲೇ ತಂತಿಯಲ್ಲಿ ಬರುತ್ತಿತ್ತು. ಅಲ್ಲಿ ಬ್ಯಾಟರಿಗಳಿರುತ್ತವೆ. ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಅಲ್ಲ. ಹಾಗಾಗಿ ಮೋಡೆಮ್ ಮನೆಯ ಕರೆಂಟಿನಲ್ಲೇ ನಡೆಯಬೇಕು.

ಏನು ಮಾಡಬೇಕು?
• ಮೋಡೆಮ್‌ಗೆ ಇನ್ವರ್ಟರ್ ಅಥವಾ ಮಿನಿ ಯುಪಿಎಸ್ ಸಂಪರ್ಕ ಕೊಡಿ. ಯುಪಿಎಸ್ ಕೊಳ್ಳುವಾಗ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ.
• ಫೋನ್ ವೈರನ್ನು ಗೋಡೆಯ ಹಳೆಯ ಸಾಕೆಟ್‌ಗಲ್ಲ, ಮೋಡೆಮ್‌ನ ಫೋನ್ ಪೋರ್ಟ್‌ಗೆ ಹಾಕಿ.
• ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಆಗ ಯುಪಿಎಸ್‌ನಿಂದ ಪ್ರಯೋಜನವಿಲ್ಲ, ದೂರು ಕೊಡಿ.

ವಯಸ್ಸಾದವರಷ್ಟೇ ಇರುವ ಮನೆಯಾದರೆ ಹಗಲಲ್ಲೇ ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ, ಸಂಬಂಧಿಕರಿಗೆ ಕರೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ರಾತ್ರಿ ಕರೆಂಟ್ ಇಲ್ಲದಾಗ 112ಕ್ಕೂ ಆ ಫೋನಿನಿಂದ ಕರೆ ಹೋಗುವುದಿಲ್ಲ.