ನುಂಗುವ ಪಂದ್ಯ, ಉಣ್ಣುವ ಸುಖ

ಅಮೇರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರಂದು ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಕಡಲತೀರದಲ್ಲಿ ಪ್ರತಿವರ್ಷವೂ ಒಂದು ವಿಚಿತ್ರ ಪಂದ್ಯ ಜರುಗುತ್ತದೆ. ಉದ್ದನೆಯ ಮೆತ್ತನೆಯ ಬನ್ನನ್ನು ಸೀಳಿ, ಅದರೊಳಗೆ ಮಾಂಸದ ಸಾಸೇಜನ್ನಿಟ್ಟು ಕೊಡುವ ‘ಹಾಟ್ ಡಾಗ್’ ಎಂಬ ತಿನಿಸನ್ನು ಹತ್ತು ನಿಮಿಷಗಳಲ್ಲಿ ಯಾರು ಅತ್ಯಧಿಕ ಸಂಖ್ಯೆಯಲ್ಲಿ ಹೊಟ್ಟೆಗಿಳಿಸುವರೋ ಅವರೇ ವಿಜಯಿಗಳು. (ವಾಚಕರು ಬೆಚ್ಚಬೇಕಾಗಿಲ್ಲ, ನಾಯಿ ಇರುವುದು ಹೆಸರಿನಲ್ಲಿ ಮಾತ್ರ.) 2025ರಲ್ಲಿ ಜೋಯಿ ಚೆಸ್ಟ್‌ನಟ್ ಎಂಬವರು ಎಪ್ಪತ್ತೂವರೆ ಹಾಟ್ ಡಾಗುಗಳನ್ನು ತಿಂದು ಗೆದ್ದರು. ಇದೇ ಮಹಾಶಯರು 2021ರಲ್ಲಿ 76 ತಿಂದು ದಾಖಲೆ ಸ್ಥಾಪಿಸಿದ್ದರು. ಸುಮಾರು ಎಂಟು ಸೆಕೆಂಡಿಗೆ ಒಂದರಂತೆ! ಒಬ್ಬ ಮನುಷ್ಯನಿಗೆ ಹತ್ತು ದಿನ ಸಾಲುವ ಆಹಾರವು ಹತ್ತು ನಿಮಿಷಗಳಲ್ಲಿ ಒಂದೇ ಜಠರವನ್ನು ಸೇರಿತೆಂದು ಲೆಕ್ಕ.

ಸಮುದ್ರದಾಚೆಯ ಈ ಸಂಗತಿ ನಮಗೇಕೆ ಎಂದು ಕೇಳುವವರಿರಬಹುದು. ನಮ್ಮ ನಗರದ ಕನ್ನಡ ಸಂಘವೊಂದು ರಾಜ್ಯೋತ್ಸವದ ಸಲುವಾಗಿ ಹೊರಡಿಸಿದ ಕರಪತ್ರವೊಂದು ನಮ್ಮ ಮೇಜಿನ ಮೇಲಿದೆ. ಭಾವಗೀತೆ, ರಂಗೋಲಿ, ಆಶುಭಾಷಣಗಳ ಕೆಳಗೆ ‘ಹತ್ತು ನಿಮಿಷಗಳಲ್ಲಿ ಅತಿಹೆಚ್ಚು ಇಡ್ಲಿ ತಿನ್ನುವವರಿಗೆ ನಗದು ಬಹುಮಾನ’ ಎಂದು ಅಚ್ಚಾಗಿದೆ. ಕೋನಿ ಐಲೆಂಡಿನ ಗಾಳಿ ನಮ್ಮ ಸಭಾಗೃಹದೊಳಕ್ಕೂ ಬೀಸಿತೆಂದೇ ಇದರ ಅರ್ಥ. ಆದುದರಿಂದ ಈ ಪಂದ್ಯದ ಒಳಹೊರಗನ್ನು ತುಸು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಇಂಥ ಪಂದ್ಯವನ್ನು ನೋಡುವ ಕುತೂಹಲ ನಮಗಿಲ್ಲವೆಂದರೆ ಸುಳ್ಳಾಡಿದಂತಾದೀತು. ಬಕನಿಗೆ ಒಯ್ದ ಬಂಡಿ ಅನ್ನವನ್ನು ಭೀಮಸೇನನು ತಾನೇ ಮುಗಿಸಿದ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಮಂಡ್ಯದ ಕಡೆ ನಾಟಿಕೋಳಿ ಸಾರಿನೊಡನೆ ರಾಗಿಮುದ್ದೆ ಉಣ್ಣುವ ಸ್ಪರ್ಧೆಗಳು ಇಂದಿಗೂ ಜನರನ್ನು ಸೆಳೆಯುತ್ತವೆ. ಒಬ್ಬನು ಮನದಣಿಯೆ ಉಣ್ಣುವುದನ್ನು ಕಾಣುವುದೇ ಒಂದು ಸಂತೋಷ. ಆದರೆ ಭೀಮನ ಎದುರಿಗೆ ಗಡಿಯಾರವಿರಲಿಲ್ಲ. ಅವನಿಗೆ ಹಸಿವಿತ್ತು, ಅನ್ನದಲ್ಲಿ ರುಚಿಯಿತ್ತು. ಬಕನು ಬೆನ್ನಿಗೆ ಗುದ್ದುತ್ತಿದ್ದರೂ ಅವನು ಊಟವನ್ನು ಪೂರೈಸಿಯೇ ಎದ್ದನು.

ಕೋನಿ ಐಲೆಂಡಿನಲ್ಲಿ ನಡೆಯುವುದು ಬೇರೆ. ಅಲ್ಲಿಯ ಪಟುಗಳು ಸಾಸೇಜನ್ನೂ ಬನ್ನನ್ನೂ ಬೇರ್ಪಡಿಸುತ್ತಾರೆ. ಸಾಸೇಜನ್ನು ಮುರಿದು ಬಾಯಿಗೆ ತುರುಕುತ್ತಾರೆ. ಬನ್ನನ್ನು ನೀರಿನಲ್ಲಿ ಅದ್ದಿ, ಹಿಂಡಿ, ಗಂಟಲಿಗೆ ತಳ್ಳುತ್ತಾರೆ. ಜಪಾನಿನ ತಕೆರು ಕೊಬಯಾಶಿಯವರು 2001ರಲ್ಲಿ 12 ನಿಮಿಷಗಳಲ್ಲಿ 50 ತಿಂದು ಹಿಂದಿನ ದಾಖಲೆಯನ್ನು ಒಮ್ಮೆಗೇ ಇಮ್ಮಡಿಗೊಳಿಸಿದ ಮೇಲೆ ಇದೇ ಶಾಸ್ತ್ರವಾಯಿತು. ನೀರಿನಲ್ಲಿ ನೆನೆದ ಬನ್ನಿಗೆ ರುಚಿಯೆಲ್ಲಿಯದು?

ಆ ಊಟದಲ್ಲಿ ಕಳೆದುಹೋಗುವುದು ರುಚಿಯೊಂದೇ ಅಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವೈದ್ಯರು ಇಂಥ ಪಟುವೊಬ್ಬನನ್ನೂ ಸಾಧಾರಣ ಮನುಷ್ಯನೊಬ್ಬನನ್ನೂ ಎಕ್ಸ್-ರೇ ಯಂತ್ರದಡಿಯಲ್ಲಿ ಪರೀಕ್ಷಿಸಿ, ತಾವು ಕಂಡದ್ದನ್ನು 2007ರಲ್ಲಿ ಪ್ರಕಟಿಸಿದರು. ಸಾಧಾರಣ ಮನುಷ್ಯನು ಏಳು ಹಾಟ್ ಡಾಗುಗಳಿಗೇ ಸಾಕೆಂದನು. ಪಟುವು ಹತ್ತು ನಿಮಿಷಗಳಲ್ಲಿ 36 ತಿಂದನು; ಅವನ ಜಠರವು ಆಹಾರವನ್ನು ಅರೆದು ಮುಂದಕ್ಕೆ ನೂಕುವ ಕೆಲಸವನ್ನು ಬಿಟ್ಟು, ಹೊಟ್ಟೆಯ ಮೇಲ್ಭಾಗವನ್ನೆಲ್ಲ ಆಕ್ರಮಿಸುವ ಸಡಿಲವಾದ ಚೀಲದಂತೆ ಹಿಗ್ಗುತ್ತ ಹೋಯಿತು. ಅಷ್ಟಾದರೂ ಹೊಟ್ಟೆ ತುಂಬಿತೆಂಬ ಅನುಭವ ಅವನಿಗಾಗಲಿಲ್ಲ. ನಿತ್ಯದ ಊಟದಲ್ಲಿಯೂ ತನಗೆ ತೃಪ್ತಿಯ ಅರಿವು ಉಳಿದಿಲ್ಲವೆಂದು ಅವನು ವೈದ್ಯರಿಗೆ ತಿಳಿಸಿದನು. ಪರೀಕ್ಷೆಗೆ ಒಳಗಾದ ಪಟು ಒಬ್ಬನೇ ಎಂಬುದನ್ನು ನಾವು ಮರೆಯಬಾರದು. ಆದರೆ 2024ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರವೊಂದರಲ್ಲಿ ಕೊಬಯಾಶಿಯವರೂ ಇದಕ್ಕೆ ಸಮೀಪದ ಮಾತನ್ನಾಡಿದ್ದಾರೆ: ತಮಗೆ ಹಸಿವೆಂಬುದೇ ಆಗುತ್ತಿಲ್ಲ, ಹಸಿದು ಉಂಡು ಸಂತೋಷಪಡುವವರನ್ನು ಕಂಡರೆ ತಮಗೆ ಅಸೂಯೆಯಾಗುತ್ತದೆ ಎಂದು. ಅನ್ನದ ಬಲದಿಂದ ಜಗತ್ಪ್ರಸಿದ್ಧರಾದವರಿಗೆ ಅನ್ನದ ಸುಖವೇ ತಪ್ಪಿಹೋಯಿತು!

ಇವೆಲ್ಲ ಮಾಂಸಾಹಾರದ ದೋಷಗಳು, ನಮ್ಮ ಇಡ್ಲಿ ನಿರುಪದ್ರವಿ ಎಂದು ಸಂಘದ ಮಿತ್ರರು ಹೇಳಬಹುದು. ಇಡ್ಲಿಯಷ್ಟು ಸಾಧುವಾದ ತಿಂಡಿ ಮತ್ತೊಂದಿಲ್ಲ, ಒಪ್ಪೋಣ. ಜ್ವರದಿಂದೆದ್ದವರಿಗೂ ಹಲ್ಲು ಮೂಡದ ಕೂಸಿಗೂ ಅದನ್ನೇ ಕೊಡುತ್ತೇವೆ. ಆದರೆ 2024ರ ಓಣಂ ಸಮಯದಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಇಡ್ಲಿ ತಿನ್ನುವ ಸ್ಪರ್ಧೆಗೆ ಕುಳಿತ ಒಬ್ಬರು, ಇಡ್ಲಿ ಗಂಟಲಲ್ಲಿ ಸಿಲುಕಿ ಅಸುನೀಗಿದರು. ಹಬ್ಬದ ದಿನಗಳಲ್ಲಿ, ನೆರೆಹೊರೆಯವರೆಲ್ಲ ನೋಡುತ್ತಿರುವಾಗಲೇ ಈ ಅನಾಹುತ ಸಂಭವಿಸಿತು. ತಪ್ಪು ಇಡ್ಲಿಯದಲ್ಲ, ಅವಸರದ್ದು. ಕೋನಿ ಐಲೆಂಡಿನ ಪಟುಗಳಾದರೋ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ನಮ್ಮ ಸಭಾಗೃಹದಲ್ಲಿ ಕೈಯೆತ್ತಿ ಮುಂದೆ ಬರುವವರು ಗೆಳೆಯರ ಒತ್ತಾಯಕ್ಕೆ ಕಟ್ಟುಬಿದ್ದ ಗೃಹಸ್ಥರು ಅಥವಾ ಕಾಲೇಜು ಹುಡುಗರು. ಉಸಿರು ಕಟ್ಟಿದಾಗ ಏನು ಮಾಡಬೇಕೆಂದು ಬಲ್ಲವರು ವೇದಿಕೆಯ ಮೇಲೆ ಎಷ್ಟು ಮಂದಿ ಇರುತ್ತಾರೆ?

ಕೋನಿ ಐಲೆಂಡಿನಿಂದ ನಾವು ಪಡೆಯತಕ್ಕ ವಸ್ತು ಬೇರೊಂದಿದೆ. ಆ ಪಂದ್ಯವನ್ನು ನಡೆಸುವ ಅಂಗಡಿಯನ್ನು ತೆರೆದವರು ನೇಥನ್ ಹ್ಯಾಂಡ್‌ವರ್ಕರ್ ಎಂಬ, ಪೋಲೆಂಡಿನ ಕಡೆಯಿಂದ ವಲಸೆ ಬಂದ ಬಡ ಯೆಹೂದಿ. ಮೊದಲು ಫೆಲ್ಟ್‌ಮನ್ ಎಂಬವರ ದೊಡ್ಡ ಉಪಾಹಾರಗೃಹದಲ್ಲಿ ದುಡಿದ ಅವರು, 1916ರಲ್ಲಿ ಸ್ವಂತ ಅಂಗಡಿಯಿಟ್ಟು, ಅಲ್ಲಿ ಹತ್ತು ಸೆಂಟಿಗೆ ಸಿಗುತ್ತಿದ್ದ ಹಾಟ್ ಡಾಗನ್ನು ಐದೇ ಸೆಂಟಿಗೆ ಕೊಟ್ಟರು. 1920ರಲ್ಲಿ ಐದು ಸೆಂಟಿನ ನಗರ ರೈಲು ಕಡಲತೀರವನ್ನು ಮುಟ್ಟಿದಾಗ, ರಜೆಯ ದಿನ ಹೆಂಡಿರು ಮಕ್ಕಳೊಡನೆ ಬಂದಿಳಿದ ಕೂಲಿಕಾರರು ಅದೇ ಬಿಸಿ ತಿಂಡಿಯನ್ನು ಕೈಯಲ್ಲಿ ಹಿಡಿದು ಸಮುದ್ರವನ್ನು ನೋಡಿದರು. ಪಂದ್ಯವು ಅದೇ 1916ರಲ್ಲಿ, ಯಾರು ಹೆಚ್ಚು ದೇಶಭಕ್ತರೆಂದು ವಾದಕ್ಕೆ ಬಿದ್ದ ನಾಲ್ವರು ವಲಸಿಗರಿಂದ ಆರಂಭವಾಯಿತೆಂಬ ಕಥೆಯೊಂದು ಬಹುಕಾಲ ಪ್ರಚಾರದಲ್ಲಿತ್ತು. ಅದು ತಾವು ಕಟ್ಟಿದ ಕಟ್ಟುಕಥೆಯೆಂದು ಮಾರ್ಟಿಮರ್ ಮ್ಯಾಟ್ಜ್ ಎಂಬ ಪ್ರಚಾರಕರೇ 2010ರಲ್ಲಿ ಒಪ್ಪಿಕೊಂಡರು. ಪಂದ್ಯ ಹುಟ್ಟಿದ್ದು 1970ರ ದಶಕದ ಆರಂಭದಲ್ಲಿ, ಜಾಹೀರಾತಿಗಾಗಿ. ಜಾಹೀರಾತಿನ ಕಟ್ಟು ಎಷ್ಟು ಬಿಗಿಯೆಂದರೆ, ಸಸ್ಯಜನ್ಯ ಮಾಂಸ ತಯಾರಿಸುವ ಬೇರೊಂದು ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡರೆಂಬ ಕಾರಣಕ್ಕೆ 2024ರಲ್ಲಿ ಚೆಸ್ಟ್‌ನಟ್ ಅವರಿಗೇ ಕಣದಲ್ಲಿ ಸ್ಥಳವಿಲ್ಲವಾಯಿತು.

ಆ ಐದು ಸೆಂಟಿನ ಕಥೆ ಮುಂಬಯಿಯ ಕನ್ನಡಿಗರಿಗೆ ಪರಕೀಯವಲ್ಲ. 1942ರಲ್ಲಿ ರಾಮನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದು ಬಾಳೆಲೆಯ ಮೇಲೆ ಬಡಿಸಿದ್ದೂ ಊರು ಬಿಟ್ಟು ಬಂದವರ ಹಸಿವೆಯನ್ನು ಬಲ್ಲವರ ಕಾಯಕವೇ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರನ್ನು ಕೇಳಿ ನೋಡಬೇಕು: ಎಷ್ಟು ತಿಂದೆವೆಂಬ ಲೆಕ್ಕವನ್ನು ಅವರು ಹೇಳಲಾರರು. ಬಿಸಿ ಅನ್ನದ ನಡುವೆ ಗುಳಿಮಾಡಿ ಸಾರು ಸುರಿದವರ ಮುಖವನ್ನೂ, ‘ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬಿಡದೆ ಇನ್ನೊಂದು ಸೌಟು ಹಾಕಿದವರ ಹೆಸರನ್ನೂ ಹೇಳಿಯಾರು. ಹೊಟ್ಟೆತುಂಬ ಉಣ್ಣುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಮೂರನೆಯ ಹೋಳಿಗೆಗೆ ತುಪ್ಪ ಕೇಳುವವರ ಪಕ್ಷವೇ ನಮ್ಮದು.

ಕರಪತ್ರ ಅಚ್ಚಾಗಿ ಹಂಚಿಯೂ ಆಗಿದೆ ಎಂದು ಕಾರ್ಯದರ್ಶಿಗಳು ಹೇಳಬಹುದು. ರಾಜ್ಯೋತ್ಸವಕ್ಕೆ ಇನ್ನೂ ದಿನಗಳಿವೆ. ಆ ಒಂದು ಸಾಲನ್ನು ಕೈಬಿಟ್ಟು, ಪಂದ್ಯಕ್ಕೆಂದು ಮೀಸಲಿಟ್ಟ ಇಡ್ಲಿಯನ್ನು ಪಂಕ್ತಿಯಲ್ಲಿಯೇ ಬಡಿಸಲಿ. ಕೊನೆಯ ಪಂಕ್ತಿಗೆ ಕೂರುವ ಸ್ವಯಂಸೇವಕರಿಗೆ ವರ್ಷವರ್ಷವೂ ಪಾಯಸದ ತಳವಷ್ಟೇ ಸಿಗುವುದನ್ನು ನಾವು ಕಂಡಿದ್ದೇವೆ. ಬಹುಮಾನದ ಹಣದಲ್ಲಿ ಇನ್ನೊಂದು ಹಂಡೆ ಪಾಯಸವಾದೀತು.